ಕಾಯಿ ಒಡೆಯದ ಬಂದೂಕು

ಹೋದ ವರ್ಷ ಆಯುಧಪೂಜೆ ಕಳೆದು ಬಂದ ಭಾನುವಾರ. ಅಂಗಳಕ್ಕೆ ನೀರು ಹಾಕಿ ಗುಡಿಸಿದೆ, ರಂಗೋಲಿ ಬಿಟ್ಟೆ. ನಲ್ಲಿ ಬರುವ ದಿನವಾದ್ದರಿಂದ ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಸಿದೆ. ಹಬ್ಬಕ್ಕೆ ಬೈಕಿಗೆ ಕಟ್ಟಿದ್ದ ಬಾಳೆಕಂದು ಒಣಗಿ ಜೋತುಬಿದ್ದಿತ್ತು, ಬಿಚ್ಚಿ ಎಸೆದೆ. ಹಾಲು ಕಾಯಿಸಿದೆ. ಸಂಜೆಗೂ ಆಗಲಿ ಎಂದು ಹುರುಳಿಕಾಳಿನ ಬಸ್ಸಾರು ಮಾಡಿಟ್ಟೆ. ದಾರಿಗೆ ಪುಳಿಯೋಗರೆ ಕಲೆಸಿ ಡಬ್ಬಿಗೆ ತುಂಬಿದೆ. ನಡುನಡುವೆ ಯಜಮಾನರನ್ನು ಕೂಗಿದೆ. ನೀರು ಕಾದಿದೆ ಎಂದು ಕೂಗಿದೆ, ತಿಂಡಿಗೆ ಕೂಗಿದೆ, ನಿಮ್ಮ ಫೋನು ಹೊಡೆದುಕೊಳ್ಳುತ್ತಿದೆ ಎಂದು ಕೂಗಿದೆ. ನಮ್ಮ ಮನೆಯಲ್ಲಿ ಕೂಗುವುದೂ ಒಂದು ಕೆಲಸ. ಪಾತ್ರೆ ತೊಳೆಯುವ ಹಾಗೆ, ದಿನಾ ಮಾಡಿದರೂ ಮಾರನೇ ದಿನಕ್ಕೆ ಹಾಗೇ ಬಿದ್ದಿರುತ್ತದೆ.

ನಾವಿರುವುದು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನಲ್ಲಿ. ಯಜಮಾನರು ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದವರು. ಹೊಸದಾಗಿ ಸೇರಿದವರಿಗೆ ಗುಂಡು ಹೊಡೆಯುವುದನ್ನು ಕಲಿಸುವುದೇ ಅವರಿಗಿದ್ದ ಕೆಲಸ. ಹಗಲೆಲ್ಲ ಬಂದೂಕಿನ ಸದ್ದಿನ ನಡುವೆ ನಿಂತು ನಿಂತು ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಅಷ್ಟೋ ಇಷ್ಟೋ ಉಳಿದಿದೆ. ಅದರಲ್ಲೂ ದಪ್ಪ ಸದ್ದು ಕೇಳುತ್ತದೆ, ಸಣ್ಣ ಸದ್ದು ಕೇಳುವುದಿಲ್ಲ. ಲಾರಿ ಬಂದರೆ ಗೊತ್ತಾಗುತ್ತದೆ, ಕುಕ್ಕರ್ ಕೂಗಿದರೆ ಗೊತ್ತಾಗುವುದಿಲ್ಲ. ಒಂದು ಸಲ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಇವರು ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು. ಬೇಳೆ ಸೀದು ಮನೆಯೆಲ್ಲ ಹೊಗೆ. ಓಡಿ ಬಂದು ಕೇಳಿದರೆ, "ಅದು ಕೂಗ್ಲೇ ಇಲ್ವಲ್ಲ ಕನಮ್ಮಿ" ಎಂದು ನನ್ನ ಮೇಲೇ ರೇಗಿದರು.

ಮೈಸೂರಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿ ನನ್ನನ್ನೇ ಕರೆದು ಹೇಳಿದ್ದರು. ಉಳಿದಿರುವುದನ್ನು ಕಾಪಾಡಿಕೊಳ್ಳಿ, ಇನ್ನು ಕಿವಿಯ ಹತ್ತಿರ ಬಂದೂಕಿನ ಸದ್ದು ಆಗಲೇಬಾರದು, ಬಲಗಿವಿಯೂ ಹೋದರೆ ಯಾವ ಮಷೀನೂ ನಡೆಯುವುದಿಲ್ಲ ಎಂದು. ಈಗ ಹಾಕಿಕೊಳ್ಳಲು ಕೊಟ್ಟಿರುವ ಮಷೀನು ಬೀರುವಿನಲ್ಲಿದೆ. ಹಾಕಿಕೊಂಡರೆ ಎಲ್ಲರಿಗೂ ಗೊತ್ತಾಗುತ್ತದಂತೆ. ಸ್ನೇಹಿತರ ಗುಂಪಿನಲ್ಲಿ ಇವರು ಮಾಡುವುದು ಒಂದೇ ಉಪಾಯ. ಎಲ್ಲರೂ ನಕ್ಕಾಗ ತಾವೂ ನಗುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಒಳಗೊಳಗೇ ಸುಸ್ತಾಗುತ್ತದೆ.

ಅವತ್ತು ನಾವು ಹೊರಟಿದ್ದು ಕಿಕ್ಕೇರಿಯ ಹತ್ತಿರ ನಂಜೇಗೌಡರ ತೋಟಕ್ಕೆ. ನಂಜೇಗೌಡರು ಯಜಮಾನರ ಜೊತೆ ಮಿಲಿಟರಿಯಲ್ಲಿದ್ದವರು. ಪ್ರತಿ ವರ್ಷ ಆಯುಧಪೂಜೆ ಆದ ಮೇಲೆ ಸುತ್ತಮುತ್ತಲ ಮಾಜಿ ಸೈನಿಕರು, ಹಂದಿ ಕಾಟಕ್ಕೆ ಲೈಸೆನ್ಸ್ ಬಂದೂಕು ಇಟ್ಟುಕೊಂಡಿರುವ ರೈತರು ಎಲ್ಲ ಅಲ್ಲಿ ಸೇರಿ, ಸ್ಟೇಷನ್ನಿನಲ್ಲಿ ಅನುಮತಿ ತೆಗೆದುಕೊಂಡು, ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ ಇಟ್ಟುಕೊಳ್ಳುತ್ತಾರೆ. ಯಜಮಾನರು ನಂಜೇಗೌಡರ ಬಂದೂಕಿನಲ್ಲೇ ಹೊಡೆದು ಎಷ್ಟೋ ಸಲ ಗೆದ್ದು ಬಂದಿದ್ದಾರೆ. ಗೆದ್ದು ಬಂದ ಮೇಲೆ ವಾರಗಟ್ಟಲೆ ಬಲಗಿವಿಯಲ್ಲೂ ಗುಂಯ್ ಗುಂಯ್ ಎನ್ನುತ್ತದೆ ಎಂದು ತಲೆ ಹಿಡಿದುಕೊಂಡು ಕೂತಿರುತ್ತಾರೆ. ಅರಳೆ ಇಟ್ಟುಕೊಳ್ಳಿ ಎಂದರೆ, "ಅರಳೆ ಇಟ್ಕಂಡ್ರೆ ನನ್ನುಸ್ರು ನಂಗೆ ಗೊತ್ತಾಗಕಿಲ್ಲ, ಗುರಿ ತಪ್ತದೆ" ಅನ್ನುತ್ತಾರೆ.

ಹೋದ ವರ್ಷ ಒಂದು ಹೊಸ ಸಮಾಚಾರವಿತ್ತು. ನಂಜೇಗೌಡರ ಸೊಸೆ ಸವಿತಾ ನಾಗಮಂಗಲದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಅವಳು ಮಕ್ಕಳಿಗೆ ಕಲಿಸಲು ತರಿಸಿದ್ದ ಲೇಸರ್ ಬಂದೂಕನ್ನು ಬೆಳಿಗ್ಗೆ ಎಲ್ಲರಿಗೂ ಕೊಟ್ಟು ನೋಡುವುದು, ಮಧ್ಯಾಹ್ನ ಎಂದಿನಂತೆ ಬಂದೂಕಿನ ಪಂದ್ಯ, ನಡುವೆ ಊಟದ ಹೊತ್ತಿನಲ್ಲಿ ಮುಂದಿನ ವರ್ಷದಿಂದ ಯಾವುದು ಇರಬೇಕು ಎಂದು ಮಾತಾಡುವುದು ಎಂದು ನಂಜೇಗೌಡರು ಫೋನು ಮಾಡಿದ್ದರು. ಫೋನು ಎತ್ತಿದ್ದು ನಾನೇ. ಕೇಳಿ ಜೀವ ತಂಪಾಯಿತು. ಸದ್ದಿಲ್ಲದ ಬಂದೂಕು ಬಂದರೆ ಇವರ ಆಟವೂ ಉಳಿಯಿತು, ಕಿವಿಯೂ ಉಳಿಯಿತು.

ಆದರೆ ವಿಷಯ ಹೇಳುತ್ತಿದ್ದಂತೆ ಇವರು ಉರಿದುಬಿದ್ದರು. "ಬೆಳಕ್ನ ಬುಟ್ಟು ಏನ್ ಗೆದ್ದಂಗಾಯ್ತು? ಟಾರ್ಚ್ ಹಾಕ್ದಂಗೆ. ಗುಂಡಿಗೆ ತೂಕ ಅದೆ, ಗಾಳಿಗೆ ವಾಲ್ತದೆ, ಇಳಿತದೆ. ಅದ್ನೆಲ್ಲ ಲೆಕ್ಕ ಹಾಕಿ ಹೊಡುದ್ರೆ ಗುರಿ. ಗಾಳಿಗೆ ಅಂಜ್ದೇ ಇರೋದ್ನ ಹೊಡೆಯಾದು ಯಾವ ಆಟ?" ಅಂದರು. ನಾನು ಡಾಕ್ಟರ ಮಾತು ನೆನಪಿಸಿದೆ. ಅದು ಮಾತ್ರ ಕೇಳಿಸಲಿಲ್ಲ. ಕೊನೆಗೆ ನಾನೂ ಬರುತ್ತೇನೆ, ನನ್ನನ್ನು ಬಿಟ್ಟು ಹೋಗುವ ಹಾಗಿಲ್ಲ ಎಂದು ಹಟ ಹಿಡಿದೆ. ಮಧ್ಯಾಹ್ನ ಇವರ ಕೈಗೆ ಬಂದೂಕು ಸಿಗದ ಹಾಗೆ ನೋಡಿಕೊಳ್ಳಬೇಕೆಂಬುದು ಮನಸ್ಸಿನಲ್ಲಿತ್ತು. ಹೇಗೆ ಎನ್ನುವುದು ಗೊತ್ತಿರಲಿಲ್ಲ.

ಪಟ್ಟಣದಲ್ಲಿ ಬಸ್ಸು ಹತ್ತಿದೆವು. ಪಾಂಡವಪುರದಲ್ಲಿ ಸೀಟು ಸಿಕ್ಕಿತು. ನಾನು ಇವರ ಬಲಗಡೆ ಕೂತೆ. ಎಲ್ಲಿ ಹೋದರೂ ನನ್ನ ಜಾಗ ಅದೇ. ಬೂಕನಕೆರೆ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಬಸ್ಸಿನಲ್ಲಿ ಮಾತಾಡಬೇಕೆಂದರೆ ಇಡೀ ಬಸ್ಸಿಗೆ ಕೇಳುವ ಹಾಗೆ ಮಾತಾಡಬೇಕು. ಅಷ್ಟು ಶಕ್ತಿ ನನಗಿರಲಿಲ್ಲ.

ತೋಟದ ಗೇಟಿನಲ್ಲೇ ನಂಜೇಗೌಡರು ಸಿಕ್ಕರು. "ಬಾರ್ಲಾ ಅವಾಲ್ದಾರ! ಏನ್ಲಾ, ಈ ಸಲ ತಂಗ್ಯವ್ವನ್ನೂ ಕರ್ಕಂಡ್ ಬಂದಿದ್ದೀಯ? ಬಂದೋಬಸ್ತಾ?" ಎಂದು ಕೂಗಿದರು. ಅವರ ಗಂಟಲು ದಪ್ಪ. ಇವರಿಗೆ ಕೇಳಿಸಿತು. "ಊಂ ಕಣ್ಲಾ, ನೀನು ಕಾಯಿ ಕದಿತೀಯ ಅಂತ" ಅಂದರು. ಎಲ್ಲರೂ ನಕ್ಕರು. ಇವರು ಅವತ್ತು ನಿಜವಾಗಿ ನಕ್ಕಿದ್ದು ಅದೊಂದೇ ಸಲ ಎಂದುಕೊಳ್ಳುತ್ತೇನೆ.

ತೋಟದ ಹಿಂದೆ ಮಣ್ಣಿನ ದೊಡ್ಡ ದಿಬ್ಬ. ಅದರ ಮುಂದೆ ಗೂಟ ನೆಟ್ಟು, ಅದಕ್ಕೆ ಕಾಯಿ ಕಟ್ಟುತ್ತಾರೆ. ಗೂಟದ ಪಕ್ಕಕ್ಕೆ ಒಂದು ಗುಂಡಿ ಇದೆ, ಗುಂಡು ತಾಗದ ಹಾಗೆ ಅದರ ಮುಂದೆ ಮಣ್ಣಿನ ಕಟ್ಟೆ. ಬಂದೂಕಿನ ಪಂದ್ಯ ನಡೆಯುವಾಗ ಆ ಗುಂಡಿಯಲ್ಲಿ ಒಬ್ಬ ಕೂತಿರುತ್ತಾನೆ. ಏಟು ಬಿದ್ದರೆ ಕೋಲಿಗೆ ಕಟ್ಟಿದ ಕೆಂಪು ಟವಲ್ಲನ್ನು ಮೇಲೆ ಎತ್ತುತ್ತಾನೆ, ತಪ್ಪಿದರೆ ಎತ್ತುವುದಿಲ್ಲ. ಮಿಲಿಟರಿಯ ಆ ಪದ್ಧತಿಯನ್ನು ಇಲ್ಲಿ ಶುರು ಮಾಡಿಸಿದವರು ನಮ್ಮ ಯಜಮಾನರೇ. ಅವತ್ತು ಬೆಳಿಗ್ಗೆ ಗುಂಡಿಯಲ್ಲಿ ಯಾರೂ ಇರಲಿಲ್ಲ. ಕೋಲು, ಟವಲ್ಲು ಕಟ್ಟೆಗೆ ಒರಗಿಕೊಂಡಿದ್ದವು. ಲೇಸರಿಗೆ ಟವಲ್ ಯಾಕೆ? ಗೂಟಕ್ಕೆ ಕಾಯಿಯ ಬದಲು ಕಪ್ಪು ಡಬ್ಬಿಯೊಂದನ್ನು ಕಟ್ಟಿದ್ದರು. ಬೆಳಕು ಅದರ ನಡುವೆ ಬಿದ್ದರೆ ಅದೇ ಕೀಂಯ್ ಎನ್ನುತ್ತದೆ. ಸಣ್ಣದೊಂದು ಹಸಿರು ದೀಪವೂ ಹತ್ತುತ್ತದಂತೆ, ಆದರೆ ಆ ಬಿಸಿಲಿನಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ.

ಸವಿತಾ ಎಲ್ಲರಿಗೂ ತೋರಿಸಿಕೊಟ್ಟಳು. "ಈಜು, ಓಟ ಎಲ್ಲ ಸೇರಿರೋ ಒಂದು ಆಟ ಐತೆ ಮಾವ, ದೊಡ್ಡ ದೊಡ್ಡ ಪಂದ್ಯದಲ್ಲೇ ಅದರಲ್ಲಿ ಗುಂಡು ತೆಗೆದು ಲೇಸರ್ ಮಾಡವ್ರೆ" ಎಂದು ಇವರಿಗೆ ಹೇಳಿದಳು. ಇವರು ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ. ಹಳೆಯ ಗೆಲುವಿನವರೆಂದು ಮೊದಲು ಇವರ ಕೈಗೇ ಬಂದೂಕು ಕೊಟ್ಟರು.

ಇವರು ಅದನ್ನು ಎತ್ತಿ ತೂಕ ನೋಡಿದರು. ಮುಖ ಸಿಂಡರಿಸಿದರು. ಆದರೂ ನಿಂತ ನಿಲುವು ಹಳೆಯದೇ. ಕಾಲು ಅಗಲಿಸಿ, ಕೆನ್ನೆ ಒತ್ತಿ, ಉಸಿರು ಬಿಗಿಹಿಡಿದರು. ಡಬ್ಬಿ ಕೀಂಯ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ತಲೆ ಎತ್ತಿ ಡಬ್ಬಿಯನ್ನು ನೋಡಿದರು, ಬಂದೂಕನ್ನು ನೋಡಿದರು. ಮತ್ತೆ ಗುರಿಯಿಟ್ಟರು. ಮತ್ತೆ ಕೀಂಯ್, ಮತ್ತೆ ಚಪ್ಪಾಳೆ. ಮೂರನೆಯದಕ್ಕೂ ಹಾಗೇ ಆಯಿತು. ಅಷ್ಟರಲ್ಲಿ ಇವರ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು.

ಕುಕ್ಕರ್ ನೆನಪಾಯಿತು. ಆ ಕೀಂಯ್ ಇವರಿಗೆ ಕೇಳುತ್ತಲೇ ಇಲ್ಲ. ಕಾಯಿ ಒಡೆಯಲಿಲ್ಲ, ಹೊಗೆ ಬರಲಿಲ್ಲ, ಭುಜಕ್ಕೆ ಒದೆ ಬೀಳಲಿಲ್ಲ, ಟವಲ್ ಏಳಲಿಲ್ಲ. ಮೂರಕ್ಕೆ ಮೂರೂ ತಪ್ಪಿತು ಎಂದು ಇವರು ತಿಳಿದಿದ್ದಾರೆ. ತಪ್ಪಿದ್ದಕ್ಕೆ ಜನ ಚಪ್ಪಾಳೆ ತಟ್ಟಿ ಗೇಲಿ ಮಾಡುತ್ತಿದ್ದಾರೆ ಎಂದುಕೊಂಡಿದ್ದಾರೆ.

ಇವರು ಬಂದೂಕನ್ನು ಮೇಜಿನ ಮೇಲೆ ಇಟ್ಟರು. "ಆಟದ್ ಸಾಮಾನು ಕೊಟ್ಟು ಮಂಗ ಮಾಡ್ತೀಯೇನ್ಲಾ? ತತ್ತಾ ನಿನ್ ಬಂದೂಕ. ಈಗ್ಲೇ ಕಾಯಿ ಕಟ್ಟು, ತೋರುಸ್ತೀನಿ" ಎಂದು ನಂಜೇಗೌಡರ ಕಡೆ ತಿರುಗಿದರು. ನಂಜೇಗೌಡರು ಇದೂ ತಮಾಷೆಯೇ ಎಂದು ತಿಳಿದು, "ಮೂರಕ್ಕೆ ಮೂರು ಹೊಡ್ದು ಸಿಟ್ಯಾಕ್ಲಾ?" ಎಂದು ನಕ್ಕರು. ಜನವೂ ನಕ್ಕರು. ಇವರಿಗೆ ಆ ಮಾತೂ ಗೇಲಿಯೇ ಆಯಿತು, ನಗುವನ್ನಷ್ಟೇ ನೋಡಿದರು. ಬಂದೂಕುಗಳನ್ನಿಟ್ಟಿದ್ದ ಮಂಚದ ಕಡೆ ಹೊರಟೇಬಿಟ್ಟರು.

ಕೂಗಿ ಹೇಳಬಹುದಿತ್ತು. ಕೂಗುವುದು ನನಗೆ ಹೊಸದಲ್ಲ. ಆದರೆ ರೀ, ಅದು ಕೂಗುತ್ತಿದೆ, ನಿಮಗೆ ಕೇಳುತ್ತಿಲ್ಲ ಎಂದು ಅಷ್ಟು ಜನರ ಮುಂದೆ ಕೂಗಿದರೆ, ಇವರು ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದನ್ನು ನಾನೇ ಬಯಲಿಗೆಳೆದ ಹಾಗೆ. ಕೂಗದಿದ್ದರೆ ಆ ಮಂಚದ ಮೇಲಿನ ಬಂದೂಕು ಇವರ ಕೈಗೆ ಬರುತ್ತದೆ. ನನ್ನ ಕಾಲೇ ನನ್ನನ್ನು ಗೂಟದ ಕಡೆ ಕರೆದುಕೊಂಡು ಹೋಯಿತು.

ಹೋಗುತ್ತಾ, "ಅಣ್ಣಯ್ಯ, ಇದೇನ್ ಪಂದ್ಯ? ಟವಲ್ ಎತ್ತೋರೇ ಇಲ್ಲ! ಟವಲ್ ಎತ್ತುದ್ರಲ್ವಾ ಏಟು ಲೆಕ್ಕಕ್ಕೆ? ಅವ್ರು ಮಾಡ್ಸಿದ್ ಪದ್ಧತಿ, ಅವ್ರಿಗೇ ಕೊಡ್ದೇ ಇದ್ರೆ ಸಿಟ್ಟು ಬರ್ದೇ ಇರ್ತದಾ?" ಎಂದೆ. ನಂಜೇಗೌಡರು ನನ್ನ ಮುಖ ನೋಡಿದರು. ನಗು ನಿಂತಿತು. ಗೊತ್ತಾಯಿತು ಅಂತ ಕಾಣುತ್ತದೆ. ಓಡಿಹೋಗಿ ಇವರ ತೋಳು ಹಿಡಿದು, "ತಪ್ಪಾಯ್ತು ಕಣ್ಲಾ, ಟವಲ್ ಮರ್ತ್ಬುಟ್ಟೋ. ಮೊದ್ಲಿಂದ ಹೊಡಿ, ಬಾ" ಎಂದು ಕರೆತಂದರು.

ನಾನು ಕೋಲು ಎತ್ತಿಕೊಂಡು ಡಬ್ಬಿಯ ಪಕ್ಕದಲ್ಲೇ ನಿಂತೆ. ಬೆಳಕು ತಾನೆ, ಏನಾಗುತ್ತದೆ? ಇವರು ಬಂದೂಕು ಎತ್ತಿದರು. ಹಾಗೇ ಮೂತಿಯನ್ನು ನೆಲಕ್ಕೆ ಇಳಿಸಿದರು. "ಏ ಅಮ್ಮಿ! ಬಾ ಈಚೆಗೆ!" ಎಂದು ತೋಟವೆಲ್ಲ ಕೇಳುವ ಹಾಗೆ ಅರಚಿದರು. ಮುಖದಲ್ಲಿ ಗಾಬರಿ. ಖಾಲಿ ಬಂದೂಕನ್ನೂ ಮನುಷ್ಯರ ಕಡೆ ತಿರುಗಿಸಬಾರದು ಎಂದು ವರ್ಷಾನುಗಟ್ಟಲೆ ಪಾಠ ಹೇಳಿದ ಕೈ ಅದು. ಸವಿತಾ, "ಏನೂ ಆಗಲ್ಲ ಮಾವ, ಅದು ಬರೀ ಬೆಳಕು" ಎಂದಳು. ಇವರು ಕದಲಲಿಲ್ಲ. "ಕಟ್ಕಂಡೋಳ್ ಕಡೆ ಬಂದೂಕ್ ತಿರುಗ್ಸಾಕೆ ಅವಾಲ್ದಾರ್ನಿಗೆ ಧೈರ್ಯ ಇಲ್ಲ ಕಣ್ರಲಾ" ಎಂದು ಯಾರೋ ಛೇಡಿಸಿದರು. ನನಗೆ ಮಾತ್ರ ನಗು ಬರಲಿಲ್ಲ. ಆಟದ ಸಾಮಾನು ಎಂದವರು ತಾವೇ. ಆದರೆ ಅದರ ಎದುರಿಗೆ ನಾನು ನಿಂತಾಗ ಅದು ಅವರಿಗೆ ಬಂದೂಕೇ ಆಯಿತು.

ಸೀರೆ ಎತ್ತಿಕಟ್ಟಿ ಗುಂಡಿಗೆ ಇಳಿದೆ. ಮೊಣಕಾಲು ನೋವು ಬೇರೆ. ಕಟ್ಟೆಯ ಹಿಂದೆ ಕೂತು ಕೋಲು ಹಿಡಿದೆ. ಮೇಲೆ ಡಬ್ಬಿ ಕೀಂಯ್ ಎಂದಿತು. ಟವಲ್ ಎತ್ತಿದೆ. ಇಳಿಸಿದೆ. ಮತ್ತೆ ಕೀಂಯ್, ಮತ್ತೆ ಎತ್ತಿದೆ. ಗುಂಡಿಯೊಳಗಿಂದ ನನಗೆ ಆಕಾಶ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅವರಿಗೆ ಸದ್ದು ಕೇಳುತ್ತಿರಲಿಲ್ಲ, ನನಗೆ ಅವರು ಕಾಣುತ್ತಿರಲಿಲ್ಲ. ನಡುವೆ ಆ ಟವಲ್ಲು. ಮನೆಯಲ್ಲಿ ದಿನಾ ಮಾಡುವ ಕೆಲಸವೇ, ಕೂಗುವ ಬದಲು ಕೈ ಎತ್ತುವುದು. ಒಂದು ಸಲ ಮಾತ್ರ ಎಷ್ಟು ಕಾದರೂ ಡಬ್ಬಿ ಕೂಗಲಿಲ್ಲ. ಎತ್ತಿಬಿಡಲೇ ಎನಿಸಿತು. ಎತ್ತಲಿಲ್ಲ. ಕೈ ಜಾರಿದ್ದು ಹೊಡೆದ ಇವರಿಗೆ ಖಂಡಿತ ಗೊತ್ತಿರುತ್ತಿತ್ತು.

ಮೇಲೆ ಬಂದಾಗ ಇವರ ಕತ್ತಿನ ನರ ಇಳಿದಿತ್ತು. "ಒಂದು ಜಾರ್ತು" ಅಂದರು, ಅಷ್ಟೆ. ಬೇರೆಯವರೂ ಹೊಡೆದರು, ಇವರಷ್ಟು ಯಾರಿಗೂ ಬೀಳಲಿಲ್ಲ.

ಹೊಂಗೆ ಮರದ ಕೆಳಗೆ ಊಟಕ್ಕೆ ಕೂತಾಗ ಮಾತು ಶುರುವಾಯಿತು. ಸವಿತಾ ತನ್ನ ಕಡೆಯಿಂದ ಹೇಳಿದಳು. ಚುನಾವಣೆ ಬಂದರೆ ಎಲ್ಲರ ಬಂದೂಕೂ ಸ್ಟೇಷನ್ನಿಗೆ ಹೋಗುತ್ತದೆ, ಪಂದ್ಯ ನಿಲ್ಲುತ್ತದೆ, ಲೇಸರಾದರೆ ಯಾರ ಅಪ್ಪಣೆಯೂ ಬೇಡ, ಹೆಂಗಸರು ಮಕ್ಕಳು ಎಲ್ಲ ಆಡಬಹುದು ಎಂದಳು. ಕಿಕ್ಕೇರಿಯ ಒಬ್ಬ ಹಿರಿಯರು, "ಸದ್ದಿಲ್ಲದ್ ಬಂದೂಕು ಅಂದ್ರೆ ಓಲಗ ಇಲ್ದಿರೋ ಮದ್ವೆ ಕಣವ್ವ" ಅಂದರು. ಇನ್ನೊಬ್ಬರು, "ಅದ್ರಲ್ಲಿ ಕಾಯಿ ಒಡಿಯಾಕಿಲ್ಲ, ಮನೆಗೆ ಇಡೀ ಕಾಯಿ ಒಯ್ಬೋದು, ಅದೂ ಲಾಭಾನೇ" ಎಂದು ನಗಿಸಿದರು. ಎಲ್ಲರ ಮಾತಿನಲ್ಲೂ ನಿಜವಿತ್ತು. ನಾನು ಡಬ್ಬಿಯ ಪುಳಿಯೋಗರೆ ಬಡಿಸುತ್ತಾ ಹೋದೆ.

ನಂಜೇಗೌಡರು ಇವರ ಬಲಗಡೆ ಬಂದು ಕೂತು, ಹತ್ತಿರದಿಂದ ಕೇಳಿದರು. "ನೀನೇನಂತೀಯ್ಲಾ?" ಇವರು ಅಗಿಯುವುದನ್ನು ನಿಲ್ಲಿಸಿದರು. "ಅದು ಬಂದೂಕಲ್ಲ. ಬಂದೂಕು ಅನ್ಬ್ಯಾಡಿ. ಬೇರೆ ಏನಾರ ಹೆಸರಿಡಿ, ಆಡಿ. ಟವಲ್ ಮಾತ್ರ ಬುಡಬ್ಯಾಡಿ" ಅಂದರು. ಇದು ಒಪ್ಪಿಗೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ ಎಂದು ಎಲ್ಲರೂ ಕೈ ತೊಳೆದರು.

ಮಧ್ಯಾಹ್ನ ಗೂಟಕ್ಕೆ ಕಾಯಿ ಕಟ್ಟಿದರು. ಬಂದೂಕುಗಳು ಹೊರಗೆ ಬಂದವು. ಮೊದಲ ಸದ್ದಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ನಾವು ದೂರದಲ್ಲಿ ಪಂಪ್‌ಹೌಸಿನ ಜಗಲಿಯ ಮೇಲೆ ಕೂತಿದ್ದೆವು. ಅಲ್ಲಿಗೆ ಕರೆದುಕೊಂಡು ಹೋಗಿದ್ದು ನಾನು. ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದರು. ಅವತ್ತು ಕೂಗುತ್ತಿದ್ದವನದು ಸಣ್ಣ ಗಂಟಲು. ಸ್ವಲ್ಪ ಹೊತ್ತಿಗೆ ಇವರ ಹೆಸರೂ ಬಂತು. ಇವರು ಗೂಟದ ಕಡೆ ನೋಡುತ್ತಾ ಕೂತೇ ಇದ್ದರು. ಅವನು ಮತ್ತೊಮ್ಮೆ ಕೂಗಿದ.

ಇವರು ನನ್ನ ಕಡೆ ತಿರುಗಿ, "ನನ್ನೆಸ್ರು ಕೂಗುದ್ರಾ?" ಎಂದು ಕೇಳಿದರು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಇವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನಾನು ಬಂದಿದ್ದೂ ಅದಕ್ಕೇ ತಾನೆ. ಆದರೆ ಹೊರಗಿನ ಸದ್ದೆಲ್ಲ ಇವರಿಗೆ ಬರುವುದು ನನ್ನ ಬಾಯಿಂದ. ಅದರಲ್ಲಿ ಒಂದು ಸಲ ಸುಳ್ಳು ಸೇರಿಸಿದರೆ, ಆಮೇಲೆ ನಾನು ಯಾವುದನ್ನು ಎಷ್ಟು ಕೂಗಿ ಹೇಳಿದರೂ ಏನು ಬಂತು?

"ಕೂಗುದ್ರು" ಎಂದೆ. "ಎಲ್ಡು ಸಲ ಕೂಗುದ್ರು."

ಇವರು ಎದ್ದು ನಿಂತರು. ಪಂಚೆ ಸರಿಮಾಡಿಕೊಂಡರು. ಗೂಟದ ಕಡೆ ನೋಡಿದರು, ಗುಂಡಿಯ ಕಡೆ ನೋಡಿದರು. ಅಲ್ಲಿ ಯಾರೋ ಬೇರೆಯವರು ಕೂತಿದ್ದರು. ಆಮೇಲೆ ಮತ್ತೆ ಜಗಲಿಯ ಮೇಲೆ ಕೂತರು. "ಕೂಗ್ಲಿ ಬುಡು" ಅಂದರು. ಮುಂದಿನವನು ಬಂದೂಕು ಎತ್ತಿದಾಗ, ಇವರ ಬಲಗೈ ತಾನಾಗಿ ಮೇಲೆ ಹೋಗಿ ಬಲಗಿವಿಯನ್ನು ಮುಚ್ಚಿತು. ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ಲೇಸರ್ ಬರಬೇಕಾ, ಬಂದೂಕೇ ಇರಬೇಕಾ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಇವರು ಹೇಳಿದ ಗಾಳಿಯ ಮಾತೂ ಸುಳ್ಳಲ್ಲ. ಇವರು ಆ ಬಂದೂಕನ್ನು ಬಿಟ್ಟುಕೊಟ್ಟಾಗ ಏನು ಬಿಟ್ಟುಕೊಟ್ಟರು ಎಂಬುದು ಆ ಜಗಲಿಯ ಮೇಲೆ ಕೂತಿದ್ದ ಬೆನ್ನನ್ನು ನೋಡಿದವರಿಗೆ ಗೊತ್ತು. ನನಗೆ ಬೇಕಾಗಿದ್ದು ಒಂದು ಕಿವಿ, ಅದು ಉಳಿಯಿತು. ಸಂತೋಷಪಡಬೇಕಾಗಿತ್ತು. ಆದರೆ ಅವತ್ತು ಬಸ್ಸಿನಲ್ಲಿ ಬರುವಾಗ ನನಗೆ ಆಗಿದ್ದು ಆಯಾಸ ಮಾತ್ರ. ಇವರ ಭುಜಕ್ಕೆ ತಲೆ ಒರಗಿಸಿದೆ. ಇವರು ಸರಿದು ಜಾಗ ಮಾಡಿಕೊಟ್ಟರು.

ಲೇಸರಿನಲ್ಲಿ ಗೆದ್ದದ್ದಕ್ಕೆ ನಂಜೇಗೌಡರು ಒಂದು ಇಡೀ ತೆಂಗಿನಕಾಯಿ ಕೊಟ್ಟಿದ್ದರು. ಮನೆಗೆ ಬಂದು ದೀಪ ಹಚ್ಚಿದ ಮೇಲೆ ಇವರೇ ಅದನ್ನು ಹಿತ್ತಲ ಕಲ್ಲಿಗೆ ಹೊಡೆದು ಒಡೆದರು. ಠಪ್ ಎಂದಿತು. "ಇದು ಕೇಳ್ತದೆ ನೋಡು" ಅಂದರು. ಮುದ್ದೆ ತಿರುವಲು ನನಗೆ ಕೈಯಲ್ಲಿ ಕಸುವಿರಲಿಲ್ಲ. ಅನ್ನ ಮಾಡಿದೆ. ಬೆಳಗಿನ ಬಸ್ಸಾರು ಬಿಸಿ ಮಾಡಿದೆ. ಆ ಕಾಯಿಯಲ್ಲಿ ಒಂದು ಹೋಳು ತುರಿದು ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆದೆ. ಇವರು ಚಟ್ನಿಯನ್ನು ಮತ್ತೆ ಹಾಕಿಸಿಕೊಂಡರು.

ದಿನಾ ಮೊದಲು ಮಲಗುವುದು ಇವರೇ. ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿಬಿಟ್ಟರೆ ನಾನು ಏನು ಹೇಳಿದರೂ ಮುಟ್ಟುವುದಿಲ್ಲ. ಅವತ್ತು ಮೊದಲು ಮಲಗಿದ್ದು ನಾನು. ಇವರು ಏನೋ ಕೇಳಿದರಂತೆ, ನಾನು ಉತ್ತರ ಕೊಡಲಿಲ್ಲವಂತೆ. ಮತ್ತೆ ಕೇಳಿದರಂತೆ, ಆಗಲೂ ಇಲ್ಲವಂತೆ. "ನಿಂಗೂ ಕಿವಿ ಹೋಯ್ತೇನೋ ಅನ್ಕಂಡೆ ಕನಮ್ಮಿ" ಎಂದು ಬೆಳಿಗ್ಗೆ ಹೇಳಿದರು. ಏನು ಕೇಳಿದಿರಿ ಎಂದರೆ, ಅದು ಅವರಿಗೂ ನೆನಪಿರಲಿಲ್ಲ.